ನ್ಯೂ ಮೆಕ್ಸಿಕೋವರೆಗೆ ಹೋಗಬೇಕಾಗಿರಲಿಲ್ಲ

ಸೆಪ್ಟೆಂಬರ್ 9, ಸೋಮವಾರ

ಹೆಬ್ಬೆರಳು ಮತ್ತೆ ಸುಟ್ಟುಕೊಂಡೆ. ಗ್ಲೂ ಗನ್ನಿನ ಬಿಸಿ ಅಂಟು. ಅಜ್ಜಿ ನೋಡಿ, "ಬೊಬ್ಬೆ ಬಂದ್ರೆ ಬರ್ಲಿ, ರಿಬ್ಬನ್ ಮೇಲೆ ಕಲೆ ಬೀಳ್ಬಾರ್ದು" ಅಂದಳು. ಎಷ್ಟು ಕಾಳಜಿ, ಪಾಪ.

ಹೋಂಕಮಿಂಗ್, ಅಂದರೆ ಸ್ಕೂಲಿನ ವರ್ಷದ ಫುಟ್‌ಬಾಲ್ ಹಬ್ಬ, ಹತ್ತಿರ ಬಂತು. ಗ್ಯಾರೇಜಿನಲ್ಲಿ ಕಾಲಿಡಲು ಜಾಗವಿಲ್ಲ. ತಟ್ಟೆಯಷ್ಟು ಅಗಲದ ಬಟ್ಟೆ ಸೇವಂತಿಗೆ, ಅದರಿಂದ ಮೊಣಕಾಲಿನವರೆಗೆ ಇಳಿಬೀಳುವ ರಿಬ್ಬನ್, ಗೆಜ್ಜೆ, ಪುಟ್ಟ ಕರಡಿ — ಇಷ್ಟನ್ನೂ ಎದೆಗೆ ಚುಚ್ಚಿಕೊಂಡು ಪ್ರತಿ ಹುಡುಗಿಯೂ ಆ ಶುಕ್ರವಾರ ಝಣಝಣ ಅನ್ನುತ್ತ ಸ್ಕೂಲಿಗೆ ಬರಬೇಕು. ಟೆಕ್ಸಸ್‌ನಲ್ಲಿ ಹುಟ್ಟಿದ ತಪ್ಪಿಗೆ. ಊರಿನ ಅರ್ಧ ಹೂವು ನಮ್ಮ ಗ್ಯಾರೇಜಿನದ್ದೇ. ಸ್ಕೂಲು ಬಿಟ್ಟ ಮೇಲೆ ಹುಡುಗಿಯರು ಬಂದು ತಮ್ಮ ರಿಬ್ಬನ್ ತಾವೇ ಹೆಣೆಯುತ್ತಾರೆ. ಅಜ್ಜಿ ಸ್ಪ್ಯಾನಿಷ್‌ನಲ್ಲಿ ಬೈಯುತ್ತಾಳೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ.

ಇವತ್ತು ಹೆಲ್ತ್ ಕ್ಲಾಸಿನಲ್ಲಿ ತಲೆ ಕೆಟ್ಟಿತು. ಪಾಠ ಮಾಡುವುದು ಕೋಚ್ ಮ್ಯಾಬ್ರಿ. ಫುಟ್‌ಬಾಲ್ ಕೋಚ್, ಬಿಡುವಾದಾಗ ನಮ್ಮ ಆರೋಗ್ಯ. ಒಂದು ತುಂಡು ಟೇಪನ್ನು ಮುಂದಿನ ಸಾಲಿನ ಹುಡುಗನ ತೋಳಿಗೆ ಅಂಟಿಸಿದರು. ಕಿತ್ತರು. ಇನ್ನೊಬ್ಬನ ತೋಳಿಗೆ ಅಂಟಿಸಿದರು. ಕಿತ್ತರು. ಐದಾರು ತೋಳು ಸುತ್ತಿದ ಮೇಲೆ, ಕೂದಲು ಕೊಳೆ ಮೆತ್ತಿದ ಆ ಟೇಪನ್ನು ಎತ್ತಿ ಹಿಡಿದು, "ಇದು ಇನ್ನು ಯಾರಿಗಾದ್ರೂ ಅಂಟತ್ತಾ? ಮದ್ವೆಗೆ ಮುಂಚೆ ಹುಡುಗ್ರ ಜೊತೆ ಹೋದ್ರೆ ನೀವೂ ಹಿಂಗೇ. ಹುಡ್ಗೀರೇ, ಸ್ವಲ್ಪ ಯೋಚ್ನೆ ಮಾಡಿ" ಅಂದರು.

ಕೈ ಎತ್ತಿದೆ. "ಕೋಚ್, ಕೊಳೆ ಇದ್ದಿದ್ದು ತೋಳಲ್ಲಿ ಅಲ್ವಾ? ತೋಳಿನೋರು ಸ್ನಾನ ಮಾಡ್ಬೇಕು ಅಂತ ಪಾಠ ಇಲ್ವಾ?"

ಕ್ಲಾಸೆಲ್ಲ ನಕ್ಕಿತು. ನಾನು ಹೊರಗೆ.

ಕಾರಿಡಾರಿನಲ್ಲಿ ನಿಂತು ಅಕ್ಕನನ್ನು ನೆನೆಸಿಕೊಂಡೆ. ಅರಸೆಲಿ ಇದೇ ಕ್ಲಾಸಿನಲ್ಲಿ ಕೂತು ಇದೇ ಟೇಪು ನೋಡಿದ್ದಳು. ಅವಳಿಗೆ ಹದಿನಾರಾದಾಗ ಮಗ ಟಾವಿ ಹುಟ್ಟಿದ. ಸ್ಕೂಲು ಅಲ್ಲಿಗೆ ಮುಗಿಯಿತು. ಈಗ ಇಪ್ಪತ್ತು, ಸಲೂನಿನಲ್ಲಿ ಕೂದಲು ಕತ್ತರಿಸುತ್ತಾಳೆ. ಟಾವಿ ಅಂದರೆ ನಮಗೆಲ್ಲ ಪ್ರಾಣ, ಅದು ಬೇರೆ ಮಾತು. ಟೇಪಿನಿಂದ ಯಾರೂ ಏನೂ ಕಲಿಯಲಿಲ್ಲ.

ಸೆಪ್ಟೆಂಬರ್ 11, ಬುಧವಾರ

ಗ್ಯಾರೇಜಿನಲ್ಲಿ ಇವತ್ತು ದೊಡ್ಡ ಡಾಕ್ಟರುಗಳ ಸಭೆ. ವಿಷಯ: ಮರುದಿನದ ಮಾತ್ರೆ. ಎಡವಟ್ಟಾದ ಮೇಲೆ ಗರ್ಭ ನಿಲ್ಲದಿರಲಿ ಅಂತ ನುಂಗುತ್ತಾರಲ್ಲ, ಅದು.

"ಅದೆಲ್ಲಿದೆ ಈಗ? ಗರ್ಭಪಾತ ಬ್ಯಾನ್ ಮಾಡೋ ಕಾನೂನು ಬಂದಾಗ್ಲೇ ಅದನ್ನೂ ಬ್ಯಾನ್ ಮಾಡಿದ್ರು ಕಣೇ."

"ತಗೊಂಡ್ರೆ ಜೈಲು. ನನ್ ಕಸಿನ್ ಫ್ರೆಂಡ್‌ನ ಪೊಲೀಸ್ರು ಎಳ್ಕೊಂಡ್ ಹೋದ್ರಂತೆ."

"ರಾಜ್ಯ ದಾಟಿ ನ್ಯೂ ಮೆಕ್ಸಿಕೋಗೆ ಹೋದ್ರೆ ಸಿಗತ್ತೆ. ಆದ್ರೆ ಇಪ್ಪತ್ತೊಂದು ಆಗಿರ್ಬೇಕು. ಬಿಯರ್ ಥರ."

"ಫೋನಲ್ಲಿ ಹುಡುಕೋಕೆ ಮಾತ್ರ ಹೋಗ್ಬೇಡಿ. ಎಲ್ಲಾ ಅವ್ರಿಗೆ ಗೊತ್ತಾಗತ್ತೆ."

ಅವರು ಅಂದರೆ ಯಾರು — ಯಾರಿಗೂ ಗೊತ್ತಿಲ್ಲ. ನಾನೂ ಹೂಂ ಹೂಂ ಅಂದೆ, ಎಲ್ಲ ತಿಳಿದವಳ ಹಾಗೆ. ಸ್ಕೂಲಿನ ಕಂಪ್ಯೂಟರಿನಲ್ಲಂತೂ ಅಂಥ ಪುಟಗಳು ತೆರೆಯುವುದೇ ಇಲ್ಲ.

ಟೆಸ್ಸಾ ಮಾತ್ರ ತಲೆ ಬಗ್ಗಿಸಿ ಹೆಣೆಯುತ್ತಿದ್ದಳು. ಅವಳ ಬೆರಳು ನೋಡಬೇಕು — ಚರ್ಚಿನಲ್ಲಿ ಪಿಯಾನೋ ನುಡಿಸುವ ಬೆರಳು, ರಿಬ್ಬನ್ ತಾನಾಗಿ ಹೆಣೆದುಕೊಂಡ ಹಾಗೆ ಕಾಣುತ್ತದೆ. ಒಂದನೇ ಕ್ಲಾಸಿನಿಂದ ನನ್ನ ಗೆಳತಿ. ಹದಿನೆಂಟಾಯಿತು. ಮುಂದಿನ ವರ್ಷ ಲಬಕ್‌ಗೆ ಹೋಗಿ ನರ್ಸಿಂಗ್ ಓದುವವಳು. ಈ ಊರಿನಿಂದ ಮೊದಲು ಹಾರುವವಳು ತಾನೇ ಅಂತ ನನ್ನ ಹೊಟ್ಟೆ ಉರಿಸುತ್ತಿರುತ್ತಾಳೆ.

ಸೆಪ್ಟೆಂಬರ್ 14, ಶನಿವಾರ

ಬೆಳಗ್ಗೆ ಟೆಸ್ಸಾ ಬಂದಳು. ಗೆಜ್ಜೆ ಡಬ್ಬ ಕೈಗೆ ತೆಗೆದುಕೊಂಡಳು. ಕೆಳಗಿಟ್ಟಳು. ಮತ್ತೆ ತೆಗೆದುಕೊಂಡಳು.

"ಏನಾಯ್ತೇ?"

"ನಿನ್ನೆ... ಮ್ಯಾಚ್ ಆದ್ಮೇಲೆ. ನಾನೂ ಡಾಲ್ಟನ್ನೂ." ಗೆಜ್ಜೆ ಕೈ ತಪ್ಪಿ ನೆಲದ ತುಂಬ ಉರುಳಿತು. "ಕಾಂಡೋಮ್ ಹರಿದೋಯ್ತು ಡೆಲ್ಫಿ."

ಇಬ್ಬರೂ ನೆಲದ ಮೇಲೆ ಕೂತು ಗೆಜ್ಜೆ ಹೆಕ್ಕಿದೆವು.

"ನಾನೂ ನಿನ್ ಅಕ್ಕನ್ ಥರ ಆಗ್ಬಿಟ್ರೆ?" ಅಂದಳು. ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದಳು. "ಸಾರಿ ಕಣೇ. ಹಂಗಲ್ಲ... ಲಬಕ್ ಹೋಗತ್ತೆ. ಅಪ್ಪ ಮನೆಗೆ ಸೇರ್ಸಲ್ಲ. ನಂಗೆ ಆಗಲ್ಲ ಡೆಲ್ಫಿ, ನಿಜವಾಗ್ಲೂ ಆಗಲ್ಲ."

ಅವಳ ಹುಡುಗ ಡಾಲ್ಟನ್ ಮಹಾಶಯ ಏನಂದನಂತೆ? ಈಗಲೇ ನ್ಯೂ ಮೆಕ್ಸಿಕೋಗೆ ಹೋಗೋಣ ಅಂದನಂತೆ. ಅವನ ಪಿಕಪ್ ಎಂಜಿನ್ ಬಿಚ್ಚಿಕೊಂಡು ಶೆಡ್ಡಿನಲ್ಲಿ ಬಿದ್ದಿದೆ. ಬಾಯಿಯಲ್ಲೇ ಗಡಿ ದಾಟಿಸಿದ, ಧೀರ.

ಕಾರು ಇರುವುದು ಅಕ್ಕನ ಹತ್ತಿರ. ಶನಿವಾರ ಸಲೂನಿನಲ್ಲಿ ಜನ ಜಾಸ್ತಿ, ಬಂದಾಗ ಸಂಜೆ. ಬೂಟು ಬಿಚ್ಚುವ ಮೊದಲೇ ಹೇಳಿಬಿಟ್ಟೆವು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೂಟು ಮತ್ತೆ ಹಾಕಿಕೊಂಡಳು.

"ನಡೀರಿ, ಈಗ್ಲೇ."

"ಈಗ ಬೇಡ ಅಕ್ಕ," ಟೆಸ್ಸಾ ಅಳುತ್ತಿದ್ದಳು. "ಇಷ್ಟೊತ್ತಲ್ಲಿ ಎಲ್ಲಿಗೆ ಅಂತ ಅಪ್ಪ ಕೇಳ್ತಾರೆ. ಬೆಳಗ್ಗೆ ಚರ್ಚಲ್ಲಿ ಪಿಯಾನೋ ಬೇರೆ. ಅದು ಮುಗಿದ್ ತಕ್ಷಣ ಹೊರಡೋಣ."

"ಆಯ್ತು. ಆದ್ರೆ ಅಲ್ಲಿ ಇಪ್ಪತ್ತೊಂದು ಕೇಳ್ತಾರೆ ಅಂದ್ರಲ್ಲ. ಅಯ್ಯೋ, ನಂಗೇ ಇಪ್ಪತ್ತು!" ಅಕ್ಕ ಕನ್ನಡಿ ನೋಡಿಕೊಂಡಳು. "ಇರ್ಲಿ ಬಿಡು. ಲಿಪ್‌ಸ್ಟಿಕ್ ಗಟ್ಟಿಯಾಗಿ ಮೆತ್ಕೊಂಡು, ಟಾವೀನ ಸೊಂಟದ ಮೇಲೆ ಕೂರಿಸ್ಕೋತೀನಿ. ಇಪ್ಪತ್ತೇಳು ಕಾಣ್ತೀನಿ."

ಟೆಸ್ಸಾ ಅಳುತ್ತಲೇ ನಕ್ಕಳು.

ಸೆಪ್ಟೆಂಬರ್ 15, ಭಾನುವಾರ, ಸಂಜೆ

ಪೆನ್ನು ಒತ್ತಿ ಒತ್ತಿ ಪುಟ ಹರಿಯಿತು. ಸಿಟ್ಟಿಗೆ. ಸಮಾಧಾನಕ್ಕೂ ಇರಬಹುದು. ಮೊದಲಿನಿಂದ ಬರೆಯುತ್ತೇನೆ.

ಚರ್ಚು ಬಿಟ್ಟಿತು. ಟೆಸ್ಸಾ ಕಾರಿಗೆ ಹತ್ತಿದಳು. ಟಾವಿ ಹಿಂದಿನ ಸೀಟಿನಲ್ಲಿ, ಬಿಸ್ಕತ್ತಿನ ಆನೆಗಳ ತಲೆ ಕಚ್ಚುತ್ತ. ಅವನಿಗೆ ದೂರದ ದಾರಿಯಲ್ಲಿ ವಾಂತಿ. ಅದಕ್ಕೆ ಸಿರಪ್ ಬೇಕು ಅಂತ ಅಕ್ಕ ಊರಂಚಿನ ಔಷಧಿ ಅಂಗಡಿ ಮುಂದೆ ಕಾರು ನಿಲ್ಲಿಸಿದಳು. ಯಾರಾದರೂ ನೋಡಿದರೆ ಅಂತ ಟೆಸ್ಸಾ ಸೀಟಿನಲ್ಲೇ ಕೆಳಕ್ಕೆ ಜಾರಿ ಕೂತಳು. ಅಕ್ಕ, ನಾನು ಒಳಗೆ.

ಸಿರಪ್ ಹುಡುಕುತ್ತ ಎರಡನೇ ಸಾಲಿಗೆ ತಿರುಗಿದೆವು. ಅಕ್ಕ ನಿಂತುಬಿಟ್ಟಳು.

"ಡೆಲ್ಫಿ. ಇದೇ ಅಲ್ವಾ?"

ಇದೇ. ಗರ್ಭ ಪರೀಕ್ಷೆಯ ಕಿಟ್‌ಗಳ ಪಕ್ಕದಲ್ಲಿ, ಬೀಗ ಹಾಕಿದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಳಗೆ ಮರುದಿನದ ಮಾತ್ರೆ. ನಮ್ಮೂರಲ್ಲಿ. ನೂರು ಸಲ ಓಡಾಡಿದ ಸಾಲಿನಲ್ಲಿ. ಇದಕ್ಕಾಗಿ ನಾವು ಪೆಟ್ರೋಲ್ ತುಂಬಿಸಿಕೊಂಡು ಇನ್ನೊಂದು ರಾಜ್ಯಕ್ಕೆ ಹೊರಟಿದ್ದೆವು!

ಬೀಗದ ಕೈ ಫಾರ್ಮಸಿಸ್ಟ್ ಹತ್ತಿರ. ಫಾರ್ಮಸಿಸ್ಟ್ ಯಾರು? ಹಡ್ಸ್‌ಪೆತ್. ಟೆಸ್ಸಾಳ ಚರ್ಚಿನ ಹಿರಿಯರು. ಪ್ರಾರ್ಥನೆ ಮುಗಿಸಿ ಟೈ ಕೂಡ ಬಿಚ್ಚದೆ ಬಂದು ನಿಂತಿದ್ದರು. ಅಕ್ಕ ಡಬ್ಬಿ ತೆಗೆದುಕೊಂಡು ನೆಟ್ಟಗೆ ಕೌಂಟರಿಗೆ ಹೋದಳು.

"ಇದು ಬೇಕು. ಇದಕ್ಕೆ... ಜೈಲಿಗೆ ಹಾಕ್ತಾರಾ?"

ಅವರು ಕನ್ನಡಕದ ಮೇಲಿಂದ ನೋಡಿದರು. "ಯಾರು ಹೇಳಿದ್ದು?"

"ಎಲ್ರೂ."

"ಎಲ್ರಿಗೂ ತಲೆ ಕೆಟ್ಟಿದೆ. ಟೆಕ್ಸಸ್‌ನಲ್ಲಿ ಇದು ಯಾವತ್ತೂ ಬ್ಯಾನ್ ಆಗಿಲ್ಲ. ವಯಸ್ಸು ಕೇಳಲ್ಲ, ಡಾಕ್ಟರ್ ಚೀಟಿ ಕೇಳಲ್ಲ. ಗರ್ಭ ತೆಗೆಯೋ ಮಾತ್ರೆ ಅಲ್ಲಮ್ಮ ಇದು. ಅಂಡ ಹೊರಗೆ ಬರೋದನ್ನ ತಡ ಮಾಡತ್ತೆ, ಗರ್ಭ ನಿಲ್ಲೋಕ್ ಮುಂಚೆನೇ. ಯಾರಿಗೆ ಬೇಕಿತ್ತು? ಎಷ್ಟು ಹೊತ್ತಾಗಿದೆ?"

ಅಷ್ಟರಲ್ಲಿ ಬಾಗಿಲು ಧಡಾರ್. ಟಾವಿ. "ಸೂಸೂ! ಸೂಸೂ!" ಅಂತ ಕಿರುಚುತ್ತ ಟೆಸ್ಸಾಳ ಕೈ ಹಿಡಿದು ಎಳೆದುಕೊಂಡು ಬರುತ್ತಿದ್ದಾನೆ. ಅಕ್ಕ ಓಡಿಹೋಗಿ ಅವನನ್ನು ಎತ್ತಿಕೊಂಡು ಟಾಯ್ಲೆಟ್ಟಿಗೆ. ಕೌಂಟರಿನ ಈಚೆ ಟೆಸ್ಸಾ, ಆಚೆ ಹಡ್ಸ್‌ಪೆತ್, ನಡುವೆ ಆ ಡಬ್ಬಿ. ಟೆಸ್ಸಾಳ ಮುಖ ಸುಣ್ಣ.

ಅವರು ಡಬ್ಬಿ ನೋಡಿದರು. ಅವಳನ್ನು ನೋಡಿದರು.

"ಬೆಳಗ್ಗೆ ಚೆನ್ನಾಗಿ ನುಡಿಸ್ದೆ ಟೆಸ್ಸಾ," ಅಂದರು. ಬೀಗ ತೆಗೆದರು. ಒಂದು ಬಾಟಲಿ ನೀರು ಮುಂದಕ್ಕೆ ತಳ್ಳಿದರು. "ಇಲ್ಲೇ ನುಂಗ್ಬಿಡು. ಮೂರು ದಿನದ ಒಳಗೆ ತಗೋಬೇಕು, ಆದ್ರೆ ಬೇಗ ಆದಷ್ಟೂ ಒಳ್ಳೇದು. ಎರಡು ಗಂಟೆ ಒಳಗೆ ವಾಂತಿ ಆದ್ರೆ ವಾಪಸ್ ಬಾ. ನೂರಕ್ಕೆ ನೂರು ಗ್ಯಾರಂಟಿ ಅಂತ ಹೇಳಲ್ಲ. ಮುಟ್ಟು ಒಂದು ವಾರ ತಡ ಆದ್ರೆ ಟೆಸ್ಟ್ ಮಾಡ್ಕೋ."

"ಅಪ್ಪಂಗೆ..."

"ನಿಮ್ಮಪ್ಪಂಗೆ ಹೇಳೋದು ನನ್ ಕೆಲ್ಸ ಅಲ್ಲ."

ಟೆಸ್ಸಾ ನುಂಗಿದಳು. ಬಿಕ್ಕಿ ಬಿಕ್ಕಿ ಅತ್ತಳು. ಅವರು ಟಿಶ್ಯೂ ಡಬ್ಬ ಕೊಟ್ಟು ಬೇರೆ ಕಡೆ ತಿರುಗಿದರು. ಒಳ್ಳೆಯವರು. ಆದರೆ ನನಗೆ ತಡೆಯಲಾಗಲಿಲ್ಲ.

"ಮತ್ತೆ ಇಷ್ಟು ವರ್ಷ ಯಾಕೆ ಯಾರಿಗೂ ಹೇಳ್ಲಿಲ್ಲ ನೀವು?"

"ಯಾರೂ ಕೇಳ್ಲಿಲ್ಲಮ್ಮ."

ಕೇಳಲಿಲ್ಲವಂತೆ! ಬೀಗ ಜಡಿದು, ಬೀಗದ ಕೈ ಜೇಬಿನಲ್ಲಿ ಇಟ್ಟುಕೊಂಡು, ಯಾರೂ ಕೇಳಲಿಲ್ಲವಂತೆ.

ಆಮೇಲೆ ಕಾರಿನಲ್ಲಿ ಅಕ್ಕ ಕೀ ತಿರುಗಿಸಲೇ ಇಲ್ಲ.

"ನನ್ ಟೆಸ್ಟ್ ಕಿಟ್ ಇದೇ ಅಂಗ್ಡೀಲೇ ತಗೊಂಡಿದ್ದೆ," ಅಂದಳು. "ಅದೇ ಸಾಲು. ಇದು ಪಕ್ಕದಲ್ಲೇ ಇತ್ತೇನೋ. ಅದಕ್ಕೂ ಮೂರ್ ವಾರ ಮುಂಚೆ ಯಾರಾದ್ರೂ ಒಬ್ರು ಹೇಳಿದ್ದಿದ್ರೆ..."

ಹಿಂದಿನಿಂದ ಟಾವಿ ಆನೆಯೊಂದನ್ನು ಅವಳ ಬಾಯಿಗೆ ಹಿಡಿದ. ತಿಂದಳು. ಅವನ ಕೈಗೆ ಮುತ್ತಿಟ್ಟಳು.

"ಇವ್ನಿಲ್ದೆ ಇರೋದು ನಂಗೆ ಯೋಚ್ನೆ ಮಾಡಕ್ಕೂ ಆಗಲ್ಲ ಡೆಲ್ಫಿ. ಆದ್ರೂ ಸಿಟ್ಟು ಬರತ್ತೆ. ನಂಗೆ ಯಾರೂ ಹೇಳ್ಳೇ ಇಲ್ವಲ್ಲೇ."

ಅವಳ ಭುಜ ಹಿಡಿದುಕೊಂಡೆ.

ಸೆಪ್ಟೆಂಬರ್ 16, ಸೋಮವಾರ

ಕ್ಲಾಸು ಮುಗಿದ ಮೇಲೆ ಕೋಚ್ ಹತ್ತಿರ ಹೋದೆ. ಟೆಸ್ಸಾಳ ಹೆಸರು ಎತ್ತಲಿಲ್ಲ.

"ಕೋಚ್, ಮರುದಿನದ ಮಾತ್ರೆ ನಮ್ಮೂರಲ್ಲೇ ಸಿಗತ್ತೆ, ಅಪರಾಧ ಅಲ್ಲ. ಇಷ್ಟನ್ನ ಕ್ಲಾಸಲ್ಲಿ ಹೇಳ್ತೀರಾ? ಒಂದೇ ಮಾತು."

ಎದ್ದು ಹೋಗಿ ಬಾಗಿಲು ಹಾಕಿದರು. "ಡೆಲ್ಫಿನಾ, ಕೊಟ್ಟ ಪಾಠದ ಮೇಲೆ ಒಂದು ಮಾತು ಜಾಸ್ತಿ ಆಡಿದ್ರೆ ಸ್ಕೂಲ್ ಬೋರ್ಡಿನೋರು ನಾಳೆನೇ ನನ್ನ ಮನೆಗೆ ಕಳಿಸ್ತಾರೆ."

"ಮತ್ತೆ ಹುಡ್ಗೀರು ಯಾರನ್ನ ಕೇಳ್ಬೇಕು?"

"ಮನೇಲಿ ಕೇಳ್ಬೇಕು."

"ಯಾರ ಮನೇಲಿ ಕೋಚ್? ನಿಮ್ಮನೇಲಿ ಹೇಳಿದೀರಾ?"

ಅವರ ಮಗಳು ಕ್ಯಾಸಿ ಈ ವರ್ಷ ಒಂಬತ್ತನೇ ಕ್ಲಾಸಿಗೆ ಬಂದಿದ್ದಾಳೆ. ಕೋಚ್ ಮುಖ ಕೆಂಪಾಯಿತು. "ಹೋಗು, ಬೆಲ್ ಆಯ್ತು" ಅಂದರು. ಬೆಲ್ ಆಗಿರಲಿಲ್ಲ.

ಸೆಪ್ಟೆಂಬರ್ 23, ಸೋಮವಾರ

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಟೆಸ್ಸಾಳಿಗೆ ಇನ್ನೂ ಮುಟ್ಟಾಗಿಲ್ಲ. ಇಂಥ ದಿನವೇ ಅಂತ ಇಲ್ಲ, ತಡವಾಗಬಹುದು ಅಂತ ಹಡ್ಸ್‌ಪೆತ್ ಅವರೇ ಹೇಳಿದ್ದಾರೆ. ಗೊತ್ತು. ಆದರೂ ಕಾರಿಡಾರಿನಲ್ಲಿ ಎದುರಾದಾಗಲೆಲ್ಲ ನಾನು ಹುಬ್ಬು ಏರಿಸುತ್ತೇನೆ, ಅವಳು ತಲೆ ಅಲ್ಲಾಡಿಸುತ್ತಾಳೆ. ಊಟ ಮುಟ್ಟುತ್ತಿಲ್ಲ. ಲಬಕ್ ಮಾತೇ ಇಲ್ಲ.

ಸಂಜೆ ಗ್ಯಾರೇಜಿನಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬಳು ಅದೇ ರಾಗ ತೆಗೆದಳು — ತಗೊಂಡ್ರೆ ಜೈಲಂತೆ. ಅಕ್ಕ ಸಲೂನಿನಿಂದ ಆಗಷ್ಟೇ ಬಂದವಳು, ಕತ್ತರಿ ಮೇಜಿನ ಮೇಲೆ ಕುಕ್ಕಿದಳು.

"ಎಲ್ರೂ ಇಲ್ಲಿ ನೋಡಿ. ಯಾವ ಜೈಲೂ ಇಲ್ಲ, ಇಪ್ಪತ್ತೊಂದೂ ಇಲ್ಲ. ಊರಂಚಿನ ಅಂಗ್ಡಿ, ಎರಡನೇ ಸಾಲು. ಹೋಗಿ ಕೇಳಿದ್ರೆ ಬೀಗ ತೆಗೆದು ಕೊಡ್ತಾರೆ. ಮೂರ್ ದಿನ, ಬೇಗ ಆದಷ್ಟೂ ಒಳ್ಳೇದು. ದಿನಾ ನುಂಗೋದಲ್ಲ, ಎಡವಟ್ಟಾದಾಗ ಮಾತ್ರ. ರೋಗ ಗೀಗ ಇದು ತಡೆಯಲ್ಲ, ಅದಕ್ಕೆ ಕಾಂಡೋಮೇ ಬೇಕು. ಯಾರಾದ್ರೂ ಬಲವಂತ ಮಾಡಿದ್ರೆ ನಂಗೆ ಬಂದು ಹೇಳಿ, ಮಾತ್ರೆ ಒಂದಕ್ಕೇ ಬಿಡಲ್ಲ ಅವನನ್ನ."

ನನಗೆ ಅಜ್ಜಿಯದೇ ಹೆದರಿಕೆ. ದಿನಾ ಮೇಣದಬತ್ತಿ ಹಚ್ಚಿ ಪ್ರಾರ್ಥನೆ ಮಾಡುವವಳು. ಸದ್ಯ, ಇಂಗ್ಲಿಷ್ ಬರುವುದಿಲ್ಲ ಅಂದುಕೊಂಡೆ.

"ಎರಡನೇ ಸಾಲಾ, ಮೂರನೇದಾ?" ಅಜ್ಜಿ ಕೇಳಿದಳು. ಇಂಗ್ಲಿಷ್‌ನಲ್ಲಿ.

ನಮ್ಮೆಲ್ಲರ ಬಾಯಿ ತೆರೆದೇ ಇತ್ತು.

"ಏನ್ ಹಂಗ್ ನೋಡ್ತೀರಾ? ಮೂವತ್ ವರ್ಷದಿಂದ ಈ ದೇಶ್ದಲ್ಲಿದೀನಿ, ಕಿವಿ ಇಲ್ವಾ ನಂಗೆ? ಒಂಬತ್ ಹೆತ್ತೋಳು ನಾನು. ಎಷ್ಟು ಬೇಕು ಅಂತ ಒಬ್ರೂ ಕೇಳ್ಲಿಲ್ಲ. ಬಾಯಿ ಏನ್ ಬೇಕಾದ್ರೂ ಮಾತಾಡ್ಲಿ, ಕೈ ನಿಲ್ಬಾರ್ದು. ಹೆಣೀರಿ!"

ಹೆಣೆದೆವು. ಆಮೇಲೆ ಪ್ರಶ್ನೆಗಳು ಶುರು. ನಿಲ್ಲಲೇ ಇಲ್ಲ.

ಸೆಪ್ಟೆಂಬರ್ 27, ಶುಕ್ರವಾರ

ಬಂತು!!!

ಎರಡನೇ ಪೀರಿಯಡ್ಡು, ಸರ್ಕಾರದ ಮೂರು ಅಂಗಗಳ ಪಾಠ. ಬಾಗಿಲಿನ ಗಾಜಿನಾಚೆ ಟೆಸ್ಸಾ. ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದಾಳೆ, ಚರ್ಚಿನ ಪಿಯಾನೋ ಹುಡುಗಿ. ನಾನು ಸೀಟು ಬಿಟ್ಟು ಎದ್ದು ಕಿರುಚಿದೆ. ಡಿಟೆನ್ಷನ್ ಶಿಕ್ಷೆ ಸಿಕ್ಕಿತು. ಸಿಗಲಿ.

ಮಧ್ಯಾಹ್ನ ಟೆಸ್ಸಾ ತನ್ನ ಪಾಲಿನ ಪಿಜ್ಜಾ ತಿಂದು ನನ್ನದನ್ನೂ ತಿಂದಳು. ಲಬಕ್‌ನ ಅರ್ಜಿ ಈ ವಾರವೇ ಕಳಿಸುತ್ತಾಳಂತೆ. ಅಕ್ಕನಿಗೆ ಮೆಸೇಜ್ ಹಾಕಿದೆ. ಗಿರಾಕಿಯ ತಲೆ ಅರ್ಧಕ್ಕೆ ಬಿಟ್ಟು ಹೊರಗೆ ಬಂದು ಫೋನ್ ಮಾಡಿದಳು. ಮೂಗು ಎಳೆಯುವ ಸದ್ದು ಮಾತ್ರ ಕೇಳಿಸಿತು.

ಅಕ್ಟೋಬರ್ 1, ಮಂಗಳವಾರ, ಗ್ಯಾರೇಜಿನಲ್ಲೇ

ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಜಾಗವಿಲ್ಲ, ಬಾಗಿಲಿನಾಚೆ ಡ್ರೈವ್‌ವೇವರೆಗೆ ಹುಡುಗಿಯರು. ಅರ್ಧ ಜನಕ್ಕೆ ಹೂವಿನ ಆರ್ಡರೇ ಇಲ್ಲ. ಅಕ್ಕ ಬರುವ ಹೊತ್ತಿಗೆ ಬಂದು ಕೂರುತ್ತಾರೆ. ಅಜ್ಜಿ ಅವರ ಕೈಗೂ ರಿಬ್ಬನ್ ತುರುಕಿದ್ದಾಳೆ. ಪುಕ್ಕಟೆ ಕೂಲಿ.

ಈಗಷ್ಟೇ ಒಂದು ಪಿಕಪ್ ಬಂದು ನಿಂತಿತು. ಕೋಚ್ ಮ್ಯಾಬ್ರಿ! ಮುಗಿಯಿತು ಕಥೆ, ಗ್ಯಾರೇಜ್ ಮುಚ್ಚಿಸಲು ಬಂದರು ಅಂದುಕೊಂಡೆ. ಜಗಳಕ್ಕೆ ರೆಡಿಯಾಗಿ ಹೊರಗೆ ಹೋದೆ. ಇನ್ನೊಂದು ಬಾಗಿಲಿನಿಂದ ಕ್ಯಾಸಿ ಇಳಿದಳು. ಕೋಚ್ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತರು.

"ಹೂವು ಬೇಕಿತ್ತಾ ಕೋಚ್?"

"ಇವಳಮ್ಮ ಬೇರೆ ಕಡೆ ಮಾಡಿಸಿದಾಳೆ." ನೆಲ ನೋಡಿಕೊಂಡು ಹೇಳಿದರು, "ನೀವು ಇಲ್ಲಿ ಮಾತಾಡ್ಕೊಳ್ಳೋದು ಇವಳೂ ಕೇಳಿಸ್ಕೊಳ್ಳಿ. ಸ್ಕೂಲಲ್ಲಿ ನಾನು ಹೇಳೋ ಹಂಗಿಲ್ಲ. ಮನೇಲಿ ಹೇಳೋಣ ಅಂತ ಎರಡು ವಾರದಿಂದ ನೋಡ್ತಿದೀನಿ ಡೆಲ್ಫಿನಾ, ಬಾಯೇ ಬರ್ತಿಲ್ಲ."

"ಆರಕ್ಕೆ ಬನ್ನಿ ಕೋಚ್, ಕರ್ಕೊಂಡ್ ಹೋಗೋಕೆ" ಅಂದೆ. ತಲೆ ಆಡಿಸಿ ಹೋದರು.

ಕ್ಯಾಸಿ ಒಳಗೆ ಬಂದಳು. ಕ್ಲಾಸಿನಲ್ಲಿ ಇದ್ದ ಹಾಗೆ ಕೈ ಎತ್ತಿದ್ದಾಳೆ, ಪಾಪ. "ಕೇಳು ಪುಟ್ಟಿ" ಅಂದಳು ಅಕ್ಕ.

"ಇಲ್ಲಿ ಯಾರಾದ್ರೂ... ನಿಜವಾಗ್ಲೂ ತಗೊಂಡಿದೀರಾ?"

ಹೆಣೆಯುತ್ತಿದ್ದ ಕೈಗಳು ನಿಂತವು. ಅಜ್ಜಿ ಕೂಡ ಬೈಯಲಿಲ್ಲ. ನಾನು ಟೆಸ್ಸಾಳ ಕಡೆ ನೋಡಲಿಲ್ಲ, ನೋಡಬಾರದು ಅಂತ ಪುಸ್ತಕಕ್ಕೆ ಮುಖ ಹಾಕಿ ಬರೆಯುತ್ತಲೇ ಇದ್ದೇನೆ. ಕುರ್ಚಿ ಸರಿದ ಸದ್ದು.

ಟೆಸ್ಸಾ. ಎದ್ದು ನಿಂತಿದ್ದಾಳೆ. ಊರಿಗೆ ಊರೇ ಇಲ್ಲಿ ಕೂತಿದೆ, ಅವಳ ಚರ್ಚಿನ ಹುಡುಗಿಯರೇ ನಾಲ್ಕು ಜನ ಇದ್ದಾರೆ.

"ನಾನು ತಗೊಂಡಿದೀನಿ. ಬಾ ಕ್ಯಾಸಿ, ಇಲ್ಲಿ ಕೂತ್ಕೋ. ಮೊದಲ್ನೇದು, ಹೆದರ್ಕೋಬೇಡ. ಆಮೇಲೆ —"